ತಿರುವಿನಲ್ಲಿ ಮಡಚಿಕೊಳ್ಳುವ ಚಕ್ರ

ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಓಡಾಡುತ್ತಿದ್ದ ಕಾಲವನ್ನು ಕಂಡವರಿಗೆ ಒಂದು ನೋಟ ನೆನಪಿರಬಹುದು. ಹಿಂದಿನ ಚಕ್ರ ಪಂಕ್ಚರ್ ಆಗಿ ಜಾಕ್ ಕೊಟ್ಟು ಎತ್ತಿದರೆ ಆ ಚಕ್ರ ನೇರವಾಗಿ ಕೆಳಗಿಳಿಯುತ್ತಿರಲಿಲ್ಲ. ಬುಡವನ್ನು ಒಳಕ್ಕೆ, ತಲೆಯನ್ನು ಹೊರಕ್ಕೆ ಮಾಡಿಕೊಂಡು ಕಾರಿನ ಹೊಟ್ಟೆಯಡಿಗೆ ಮಡಚಿಕೊಳ್ಳುತ್ತಿತ್ತು. ಸ್ಟೆಪ್ನಿ ಹಾಕಿ ಜಾಕ್ ಇಳಿಸಿದ ಮೇಲೂ ಅದು ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಕಾರಿನ ಹಿಂಭಾಗ ತುಸು ಎತ್ತರದಲ್ಲೇ ನಿಂತಿರುತ್ತಿತ್ತು. ಡ್ರೈವರ್ ಹತ್ತಿ ಕೂತು ಹತ್ತಾರು ಅಡಿ ಮುಂದಕ್ಕೆ ಓಡಿಸಿದ ಮೇಲಷ್ಟೇ ಹಿಂಭಾಗ ಮೆಲ್ಲಗೆ ಇಳಿದು ಚಕ್ರಗಳು ಸರಿಯಾಗಿ ಕೂರುತ್ತಿದ್ದವು. ಅಂಬಾಸಿಡರಿನಲ್ಲಾಗಲಿ ಫಿಯಟ್ಟಿನಲ್ಲಾಗಲಿ ಹೀಗಾಗುತ್ತಿರಲಿಲ್ಲ.

ಮೇಲೆ ಅಷ್ಟೊಂದು ಭಾರವಿದ್ದರೂ ಚಕ್ರ ನೆಟ್ಟಗಾಗುವುದಿಲ್ಲ ಏಕೆ? ನಾಲ್ಕು ಮಾರು ಉರುಳಿದ ಕೂಡಲೇ ಆಗುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಇನ್ನೊಂದು ದೊಡ್ಡ ಸಂಗತಿಯ ಗಂಟೂ ಬಿಚ್ಚುತ್ತದೆ. ಹೆರಾಲ್ಡಿನ ಅಡಿಗಟ್ಟಿನ ಮೇಲೆ ಇಂಗ್ಲೆಂಡಿನಲ್ಲಿ ಒಂದು ಚೆಂದದ ಸ್ಪೋರ್ಟ್ಸ್ ಕಾರನ್ನು ಕಟ್ಟಿದ್ದರು. ಹೆಸರು ಟ್ರಯಂಫ್ ಸ್ಪಿಟ್‌ಫೈರ್. ನೆಟ್ಟಗಿನ ರಸ್ತೆಯಲ್ಲಿ ಅದು ಸಾಧು. ವೇಗದ ತಿರುವಿನ ನಡುವೆ ಚಾಲಕ ಗಾಬರಿಯಾಗಿ ಆಕ್ಸಿಲರೇಟರಿನಿಂದ ಕಾಲು ತೆಗೆದನೋ, ಹಿಂಭಾಗ ಥಟ್ಟನೆ ಹೊರಕ್ಕೆ ಬೀಸಿ ಕಾರು ಗಿರ್ರನೆ ತಿರುಗಿಬಿಡುವುದಿತ್ತು.

ಇಂಥ ಕಾರನ್ನು ಹದಕ್ಕೆ ತರುವುದು ಹೇಗೆ ಎಂದರೆ ಹೆಚ್ಚಿನವರ ಬಾಯಿಗೆ ಮೊದಲು ಬರುವ ಉತ್ತರ ‘ಸ್ಪ್ರಿಂಗ್ ಬಿಗಿ ಮಾಡಿ’ ಎಂಬುದು. 1970ರಲ್ಲಿ ಟ್ರಯಂಫ್‌ನ ಎಂಜಿನಿಯರುಗಳು ಇದಕ್ಕೆ ತದ್ವಿರುದ್ಧವಾದದ್ದನ್ನು ಮಾಡಿದರು. ಕಾರಿನ ಮೈ ವಾಲದಂತೆ ಹಿಂದಿನ ಸ್ಪ್ರಿಂಗ್ ಒಡ್ಡುತ್ತಿದ್ದ ತಡೆಯನ್ನು ಸಡಿಲ ಬಿಟ್ಟರು. ಕಾರು ಹದಕ್ಕೆ ಬಂತು. ಸಡಿಲ ಬಿಟ್ಟರೆ ಹಿಡಿತ ಹೆಚ್ಚುವುದು ಹೇಗೆ ಎಂಬುದೇ ಈ ಅಧ್ಯಾಯದ ವಿಷಯ.

ಒಂದೇ ಅಡಿಗಟ್ಟಿನ ಎರಡು ಕಾರುಗಳು

ಟ್ರಯಂಫ್ ಹೆರಾಲ್ಡ್ ಹುಟ್ಟಿದ್ದು 1959ರಲ್ಲಿ, ಇಂಗ್ಲೆಂಡಿನ ಕವೆಂಟ್ರಿಯಲ್ಲಿ. ಇಟಲಿಯ ಜೋವಾನಿ ಮಿಕೆಲೋಟಿ ಅದರ ಮೈಯನ್ನು ರೂಪಿಸಿದರು. ಅದೇ ಕಾರನ್ನು ಮದರಾಸಿನ ಸ್ಟ್ಯಾಂಡರ್ಡ್ ಮೋಟರ್ ಪ್ರಾಡಕ್ಟ್ಸ್ ಸಂಸ್ಥೆ 1960ರ ದಶಕದಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ತಯಾರಿಸಿತು. ಅಂಬಾಸಿಡರ್, ಫಿಯಟ್‌ಗಳ ಜೊತೆಗೆ ನಮ್ಮ ರಸ್ತೆಗಳ ಮೂರನೆಯ ಕಾರು ಅದು.

ಹೆರಾಲ್ಡಿನ ಚಾಸಿಯನ್ನು ಗಿಡ್ಡ ಮಾಡಿ, ಎರಡೇ ಸೀಟಿನ ತೆರೆದ ಮೈಯನ್ನು ಮಿಕೆಲೋಟಿಯವರಿಂದಲೇ ಬರೆಸಿ, 1147 ಸಿಸಿ ಎಂಜಿನ್ ಕೂರಿಸಿದಾಗ ಸ್ಪಿಟ್‌ಫೈರ್ ಆಯಿತು. 1962ರ ಲಂಡನ್ ಮೋಟರ್ ಪ್ರದರ್ಶನದಲ್ಲಿ ಜನ ಅದನ್ನು ಮೊದಲು ಕಂಡರು. 1980ರವರೆಗೆ ಬೇರೆ ಬೇರೆ ಮಾದರಿಗಳಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು. ಕಡಿಮೆ ಬೆಲೆ, ಹಗುರ ಮೈ, ಬಾನೆಟ್ ಎತ್ತಿದರೆ ಇಡೀ ಮುಂಭಾಗವೇ ತೆರೆದುಕೊಂಡು ಎಂಜಿನ್ನಿನ ಸುತ್ತ ಕೈಯಾಡಿಸಲು ಸಿಗುವ ಅನುಕೂಲ. ಇವುಗಳಿಂದಾಗಿ ಹಳೆಯ ಕಾರುಗಳನ್ನು ತಾವೇ ರಿಪೇರಿ ಮಾಡಿಕೊಳ್ಳುವ ಪ್ರೀತಿಯುಳ್ಳವರಿಗೆ ಅದು ಇಂದಿಗೂ ಅಚ್ಚುಮೆಚ್ಚು.

ಸ್ಪಿಟ್‌ಫೈರಿನ ಮುಂದಿನ ಸಸ್ಪೆನ್ಷನ್ ಬಲು ಒಳ್ಳೆಯದು. ಪ್ರತಿ ಚಕ್ರಕ್ಕೂ ಮೇಲೊಂದು ಕೆಳಗೊಂದು ಕವಲುತೋಳು, ನಡುವೆ ಸುರುಳಿ ಸ್ಪ್ರಿಂಗ್. ತೊಂದರೆ ಇದ್ದದ್ದೆಲ್ಲ ಹಿಂದೆ.

ತೂಗಚ್ಚು ಎಂಬ ಅಗ್ಗದ ಉಪಾಯ

ಅಂಬಾಸಿಡರಿನ ಹಿಂದಿನ ಎರಡು ಚಕ್ರಗಳ ನಡುವೆ ಇರುವುದು ಒಂದೇ ಗಟ್ಟಿ ಅಚ್ಚು. ಒಂದು ಚಕ್ರ ಗುಂಡಿಗೆ ಬಿದ್ದರೆ ಅದರ ಕುಲುಕು ಇನ್ನೊಂದಕ್ಕೂ ತಟ್ಟುತ್ತದೆ. ಎರಡು ಚಕ್ರಗಳನ್ನೂ ಬಿಡಿಬಿಡಿಯಾಗಿ ಆಡಿಸಿದರೆ ಸವಾರಿ ಮೆತ್ತಗಾಗುತ್ತದೆ ಎಂದು ಕಾರು ಕಟ್ಟುವವರಿಗೆ ಬಹಳ ಹಿಂದೆಯೇ ಗೊತ್ತಿತ್ತು. ಅದನ್ನು ಸಾಧಿಸುವ ಅತಿ ಸುಲಭದ ದಾರಿ ಇದು: ಹಿಂದಿನ ಅಚ್ಚನ್ನು ನಡುವೆ ಎರಡಾಗಿ ತುಂಡರಿಸಿ, ಎಂಜಿನ್ನಿನ ಬಲವನ್ನು ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ಲಿನ ಎರಡೂ ಪಕ್ಕಕ್ಕೆ ಒಂದೊಂದು ಕೀಲು ಹಾಕಿ ಜೋಡಿಸುವುದು. ಡಿಫರೆನ್ಷಿಯಲ್ ಚಾಸಿಗೆ ಅಂಟಿಕೊಂಡು ಅಲುಗದೆ ನಿಲ್ಲುತ್ತದೆ. ಎರಡು ಅರ್ಧ ಅಚ್ಚುಗಳು ಆ ಕೀಲಿನಿಂದ ತೂಗಾಡುತ್ತವೆ. ಸ್ವಿಂಗ್ ಆಕ್ಸಲ್ ಎಂದು ಹೆಸರಾದ ಈ ಏರ್ಪಾಟನ್ನು ನಾವು ತೂಗಚ್ಚು ಎನ್ನೋಣ.

ಆಸ್ಟ್ರಿಯಾದ ಎಡ್ಮಂಡ್ ರುಂಪ್ಲರ್ 1903ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಮುಂದೆ ಚೆಕೊಸ್ಲೊವಾಕಿಯಾದ ಟಾಟ್ರಾ, ಜರ್ಮನಿಯ ಮರ್ಸಿಡಿಸ್ ಮತ್ತು ಫೋಕ್ಸ್‌ವ್ಯಾಗನ್ ಬೀಟಲ್, ಪೋರ್ಶೆ 356, ಅಮೆರಿಕದ ಷೆವ್ರೊಲೆ ಕಾರ್ವೆಯರ್ ಇವೆಲ್ಲ ಬೇರೆ ಬೇರೆ ಕಾಲದಲ್ಲಿ ಇದೇ ಉಪಾಯವನ್ನು ಬಳಸಿದವು.

ಹೆರಾಲ್ಡ್ ಮತ್ತು ಸ್ಪಿಟ್‌ಫೈರುಗಳಲ್ಲಿ ಇದರ ಮೇಲೆ ಸ್ಪ್ರಿಂಗ್ ಕೂಡ ಒಂದೇ. ಲಾರಿಗಳಲ್ಲಿ ಉದ್ದುದ್ದಕ್ಕೆ ಇರುವ ಕಮಾನುಪಟ್ಟಿ ಇಲ್ಲಿ ಕಾರಿಗೆ ಅಡ್ಡಲಾಗಿ ಕೂತಿರುತ್ತದೆ. ನಡುಭಾಗವನ್ನು ಡಿಫರೆನ್ಷಿಯಲ್ಲಿನ ತಲೆಯ ಮೇಲೆ ಬೋಲ್ಟು ಹಾಕಿ ಬಿಗಿದಿರುತ್ತಾರೆ. ಎರಡು ತುದಿಗಳು ಎರಡು ಚಕ್ರಗಳ ಭಾರ ಹೊರುತ್ತವೆ. ಬಿಡಿಭಾಗ ಕಡಿಮೆ, ಖರ್ಚು ಕಡಿಮೆ, ತೂಕವೂ ಕಡಿಮೆ.

ಅಂಗೈಯಗಲದ ನೆಲ

ಕಾರು ಎಷ್ಟೇ ದೊಡ್ಡದಿರಲಿ, ಅದರ ಬ್ರೇಕು, ತಿರುವು, ಓಟ ಎಲ್ಲವೂ ನಿಂತಿರುವುದು ಟೈರು ನೆಲಕ್ಕೆ ತಾಗುವ ನಾಲ್ಕು ಜಾಗಗಳ ಮೇಲೆ. ಒಂದೊಂದೂ ಹೆಚ್ಚುಕಡಿಮೆ ಅಂಗೈಯಗಲ. ಇದನ್ನು ಟೈರಿನ ಅಂಗಾಲು ಎಂದು ಕರೆಯೋಣ. ಚಕ್ರ ನೆಟ್ಟಗಿದ್ದಾಗ ಅಂಗಾಲು ಪೂರ್ತಿ ನೆಲಕ್ಕೆ ಕೂತಿರುತ್ತದೆ. ಚಕ್ರ ಓರೆಯಾದರೆ ಒಂದು ಅಂಚು ಮಾತ್ರ ಒತ್ತುತ್ತದೆ, ಇನ್ನೊಂದು ಅಂಚು ಹಗುರಾಗುತ್ತದೆ. ಗ್ಯಾರೇಜಿನವರು ಕ್ಯಾಂಬರ್ ಎನ್ನುವುದು ಈ ಓರೆಯನ್ನೇ. ಚಕ್ರದ ತಲೆ ಒಳಕ್ಕೆ ವಾಲಿದರೆ ಒಳ ಓರೆ, ಹೊರಕ್ಕೆ ವಾಲಿದರೆ ಹೊರ ಓರೆ. ತಿರುವಿನಲ್ಲಿ ಹೆಚ್ಚು ಭಾರ ಹೊರುವ ಹೊರಗಿನ ಚಕ್ರಕ್ಕೆ ತುಸು ಒಳ ಓರೆ ಇದ್ದರೆ ಹಿಡಿತಕ್ಕೆ ಅನುಕೂಲ. ಹೊರ ಓರೆ ಬಂದರೆ ಹಿಡಿತಕ್ಕೆ ಕುತ್ತು.

ತೂಗಚ್ಚಿನ ಸ್ವಭಾವ ಇಲ್ಲಿ ತೊಡಕಾಗುತ್ತದೆ. ಸ್ಪಿಟ್‌ಫೈರಿನ ಅರ್ಧ ಅಚ್ಚಿನ ಉದ್ದ, ಕೀಲಿನಿಂದ ಚಕ್ರದವರೆಗೆ, ಸುಮಾರು ಅರ್ಧ ಮೀಟರ್. ಅಷ್ಟು ಗಿಡ್ಡ ತೋಳಿನ ತುದಿಯಲ್ಲಿ ಚಕ್ರ ಏರಿಳಿದರೆ ನೇರ ಗೆರೆಯಲ್ಲಿ ಏರಿಳಿಯಲಾರದು. ಕೀಲಿನ ಸುತ್ತ ಕಮಾನಿನಂತೆ ಚಲಿಸಬೇಕು. ಲೆಕ್ಕ ಹಾಕಿದರೆ, ಕಾರಿನ ಹಿಂಭಾಗ ಎರಡೂವರೆ ಸೆಂಟಿಮೀಟರ್ ಮೇಲೆದ್ದಾಗ ಚಕ್ರ ಮೂರು ಡಿಗ್ರಿಯಷ್ಟು ಹೊರಕ್ಕೆ ಓರೆಯಾಗುತ್ತದೆ. ಐದು ಸೆಂಟಿಮೀಟರ್ ಎದ್ದರೆ ಸುಮಾರು ಆರು ಡಿಗ್ರಿ. ಅಂಗಾಲಿನ ಅರ್ಧ ಭಾಗವನ್ನು ಕೆಲಸದಿಂದ ತಪ್ಪಿಸಲು ಇಷ್ಟು ಸಾಕು.

ಹಾಗಾದರೆ ಅಸಲು ಪ್ರಶ್ನೆ ಇದು: ತಿರುವಿನಲ್ಲಿ ಕಾರಿನ ಹಿಂಭಾಗ ಮೇಲೇಳುವುದಾದರೂ ಏಕೆ? ಅಲ್ಲಿ ಯಾರೂ ಜಾಕ್ ಕೊಡುತ್ತಿಲ್ಲವಲ್ಲ!

ಏಣಿಯ ಬುಡವನ್ನು ತಳ್ಳಿದರೆ

ಗೋಡೆಗೆ ಓರೆಯಾಗಿ ಒರಗಿಸಿದ ಏಣಿಯನ್ನು ಎಣಿಸಿಕೊಳ್ಳಿ. ಅದರ ಬುಡವನ್ನು ಕಾಲಿನಿಂದ ಗೋಡೆಯ ಕಡೆಗೆ ತಳ್ಳಿದರೆ ಏನಾಗುತ್ತದೆ? ಏಣಿಯ ತಲೆ ಗೋಡೆಗುಂಟ ಮೇಲಕ್ಕೆ ಜಾರುತ್ತದೆ. ತಲೆಯ ಮೇಲೆ ಏನಾದರೂ ಹೊರೆಯಿದ್ದರೆ ಅದೂ ಮೇಲೇರುತ್ತದೆ. ನೀವು ತಳ್ಳಿದ್ದು ಅಡ್ಡಕ್ಕೆ, ಎದ್ದದ್ದು ಎತ್ತರಕ್ಕೆ. ಬುಡವನ್ನು ಗೋಡೆಯಿಂದ ದೂರಕ್ಕೆ ಎಳೆದರೆ ತಲೆ ಕೆಳಗಿಳಿಯುತ್ತದೆ.

ಸ್ಪಿಟ್‌ಫೈರಿನ ಹಿಂದೆ ಇಂಥ ಏಣಿಗಳು ಎರಡಿವೆ. ಏಣಿಯ ಬುಡ ಎಂದರೆ ಟೈರಿನ ಅಂಗಾಲು. ಏಣಿಯ ತಲೆ ಎಂದರೆ ಡಿಫರೆನ್ಷಿಯಲ್ ಪಕ್ಕದ ಕೀಲು. ಕೀಲು ನೆಲದಿಂದ ಸುಮಾರು ಗೇಣೂಕಾಲು ಎತ್ತರದಲ್ಲಿದೆ, ಅಂಗಾಲು ಅದರಿಂದ ಅರ್ಧ ಮೀಟರ್ ಆಚೆಗಿದೆ. ಇವೆರಡನ್ನೂ ಕೂಡಿಸುವ ಓರೆ ಗೆರೆಯೇ ಏಣಿ.

ಈಗ ಕಾರು ಎಡಕ್ಕೆ ತಿರುಗುತ್ತಿದೆ ಎನ್ನಿ. ಕಾರನ್ನು ಎಡಕ್ಕೆ ತಿರುಗಿಸುವ ಬಲ ಬರುವುದು ನೆಲದಿಂದ. ನೆಲ ಎರಡೂ ಟೈರುಗಳ ಅಂಗಾಲನ್ನು ಎಡಕ್ಕೆ ತಳ್ಳುತ್ತದೆ. ಬಲಗಡೆಯ, ಅಂದರೆ ಹೊರಗಿನ ಚಕ್ರಕ್ಕೆ ಎಡ ಎಂದರೆ ಕಾರಿನ ಕಡೆ. ಏಣಿಯ ಬುಡವನ್ನು ಗೋಡೆಯತ್ತ ತಳ್ಳಿದಂತಾಯಿತು, ಕೀಲು ಮೇಲೇಳುತ್ತದೆ. ಎಡಗಡೆಯ, ಅಂದರೆ ಒಳಗಿನ ಚಕ್ರಕ್ಕೆ ಎಡ ಎಂದರೆ ಕಾರಿನಿಂದ ಆಚೆ. ಬುಡವನ್ನು ದೂರಕ್ಕೆ ಎಳೆದಂತಾಯಿತು. ಕೀಲು ಕೆಳಗಿಳಿಯಲು ನೋಡುತ್ತದೆ. ಒಂದು ಏಣಿ ಎತ್ತುತ್ತದೆ, ಇನ್ನೊಂದು ಇಳಿಸುತ್ತದೆ.

ಎರಡೂ ಬಲಗಳು ಸಮವಾಗಿದ್ದರೆ ಲೆಕ್ಕ ಚುಕ್ತಾ. ಆದರೆ ತಿರುವಿನಲ್ಲಿ ಅವು ಸಮವಿರುವುದಿಲ್ಲ. ಕಾರಿನ ಭಾರ ಹೊರಗಿನ ಚಕ್ರಗಳ ಮೇಲೆ ಬೀಳುತ್ತದೆ. ಹೆಚ್ಚು ಭಾರ ಹೊತ್ತ ಟೈರಿಗೆ ಹೆಚ್ಚು ಹಿಡಿತ. ಆದ್ದರಿಂದ ಎತ್ತುವ ಏಣಿಯೇ ಗೆಲ್ಲುತ್ತದೆ.

ಒಂದು ಅಂದಾಜು ಲೆಕ್ಕ ನೋಡೋಣ. ಬಿರುಸಾದ ತಿರುವಿನಲ್ಲಿ ಹಿಂದಿನ ಎರಡು ಟೈರುಗಳೂ ಸೇರಿ ಪಡೆಯುವ ಅಡ್ಡ ಬಲ 200 ಕಿಲೋ ಭಾರದಷ್ಟು ಎಂದುಕೊಳ್ಳಿ. ಅದರಲ್ಲಿ ಹೊರಗಿನದರ ಪಾಲು 150, ಒಳಗಿನದರ ಪಾಲು 50. ವ್ಯತ್ಯಾಸ 100. ಏಣಿಯ ಓರೆಯಿಂದಾಗಿ ಅಡ್ಡ ಬಲದ ಅರ್ಧಕ್ಕಿಂತ ತುಸು ಹೆಚ್ಚು ಪಾಲು ಮೇಲ್ಮುಖ ಬಲವಾಗುತ್ತದೆ. ಅಂದರೆ ಐವತ್ತಕ್ಕೂ ಹೆಚ್ಚು ಕಿಲೋ ಎತ್ತುಬಲ. ಕಾರಿನ ಒಟ್ಟು ತೂಕವೇ 700 ಕಿಲೋ ಆಸುಪಾಸಿನಲ್ಲಿರುವಾಗ, ಹಿಂದಿನ ಸ್ಪ್ರಿಂಗನ್ನು ಹಿಗ್ಗಿಸಿ ಮೈಯನ್ನು ಮೇಲೆತ್ತಲು ಇದು ಧಾರಾಳ.

ಮೈ ಎದ್ದಷ್ಟೂ ಕೀಲು ಎತ್ತರಕ್ಕೆ ಹೋಗುತ್ತದೆ, ಏಣಿ ಇನ್ನಷ್ಟು ಕಡಿದಾಗುತ್ತದೆ. ಕಡಿದಾದಷ್ಟೂ ಅದೇ ಅಡ್ಡ ಬಲ ಹೆಚ್ಚು ಎತ್ತುತ್ತದೆ. ಹೀಗೆ ಒಂದಕ್ಕೊಂದು ಇಂಬುಗೊಟ್ಟು, ಒಂದು ಹಂತ ದಾಟಿದ ಮೇಲೆ ಚಕ್ರ ಒಮ್ಮೆಗೇ ಮಡಚಿಕೊಳ್ಳುತ್ತದೆ. ಅಂಗಾಲು ಅಂಚಿನ ಮೇಲೆ ನಿಲ್ಲುತ್ತದೆ, ಹಿಡಿತ ಕಳಚುತ್ತದೆ, ಹಿಂಭಾಗ ಹೊರಕ್ಕೆ ಬೀಸುತ್ತದೆ. ಮೆಲ್ಲಗೆ ಜಾರುವ ಕಾರು ಚಾಲಕನಿಗೆ ಸುಳಿವು ಕೊಟ್ಟು ಜಾರುತ್ತದೆ. ತೂಗಚ್ಚಿನ ಕಾರಿನಲ್ಲಿ ಸುಳಿವು ಸಿಗುವ ಹೊತ್ತಿಗೆ ಕಾಲ ಮಿಂಚಿರುತ್ತದೆ.

ಜಾಕ್ ಇಳಿಸಿದ ಹೆರಾಲ್ಡಿನ ಒಗಟೂ ಇಷ್ಟೇ. ಕೀಲು ಕೆಳಗಿಳಿಯಬೇಕಾದರೆ ಏಣಿಯ ಬುಡ ಹೊರಕ್ಕೆ ಸರಿಯಬೇಕು. ನಿಂತ ಟೈರಿನ ರಬ್ಬರು ನೆಲವನ್ನು ಕಚ್ಚಿ ಹಿಡಿದು ಸರಿಯಲು ಬಿಡುವುದಿಲ್ಲ. ಉರುಳತೊಡಗಿದ ಮೇಲೆ ಟೈರಿನ ಹೊಸ ಹೊಸ ಭಾಗ ನೆಲಕ್ಕೆ ತಾಗುತ್ತಾ ಹೋಗಿ ಅಂಗಾಲು ಇಷ್ಟಿಷ್ಟೇ ಹೊರಕ್ಕೆ ಸರಿಯುತ್ತದೆ. ಕಾರು ಇಳಿಯುತ್ತದೆ.

ಕಾಲು ತೆಗೆದ ಗಳಿಗೆ

ಆಕ್ಸಿಲರೇಟರ್ ಬಿಟ್ಟಾಗಲೇ ಅನಾಹುತವಾಗುತ್ತಿದ್ದುದು ಏಕೆ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಕಾಲು ತೆಗೆದ ಕೂಡಲೇ ಎಂಜಿನ್ ಕಾರನ್ನು ಹಿಂದಕ್ಕೆ ಜಗ್ಗುತ್ತದೆ. ಭಾರ ಮುಂದಿನ ಚಕ್ರಗಳ ಮೇಲೆ ಬಿದ್ದು ಮೂತಿ ಬಗ್ಗುತ್ತದೆ, ಹಿಂಭಾಗ ಎದ್ದು ನಿಲ್ಲುತ್ತದೆ. ಏಣಿ ಮೊದಲೇ ಎತ್ತುತ್ತಿರುವ ಮೈಗೆ ಇದೂ ಕೈಜೋಡಿಸುತ್ತದೆ. ಮೇಲಾಗಿ ಹಿಂದಿನ ಟೈರುಗಳ ಮೇಲೆ ಭಾರ ಇಳಿದದ್ದರಿಂದ ಅವುಗಳ ಹಿಡಿತವೂ ಆ ಗಳಿಗೆಯಲ್ಲೇ ಕಡಿಮೆಯಾಗುತ್ತದೆ. ತಿರುವಿನಲ್ಲಿ ಹೆದರಿದವನ ಕಾಲು ತಾನಾಗಿಯೇ ಮಾಡುವ ಕೆಲಸ ಇದು. ಹೆದರಿದವನನ್ನು ಕಾಪಾಡಬೇಕಾದ ಕಾರು ಅವನನ್ನೇ ಕೆಡವುತ್ತಿತ್ತು. ಹೀಗಾಗಿ ಇದನ್ನು ಚಾಲಕನ ತಪ್ಪು ಎಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಇದು ಕಾರಿನ ಕಟ್ಟುವಿಕೆಯಲ್ಲೇ ಇರುವ ದೋಷ.

ಅಮೆರಿಕದಲ್ಲಿ ಇದು ದೇಶದ ಚರ್ಚೆಯೇ ಆಯಿತು. 1960ರ ಮಾದರಿಯಾಗಿ ಬಂದ ಷೆವ್ರೊಲೆ ಕಾರ್ವೆಯರಿಗೂ ತೂಗಚ್ಚೇ ಇತ್ತು. ವಕೀಲ ರಾಲ್ಫ್ ನೇಡರ್ 1965ರಲ್ಲಿ ಕಾರು ಉದ್ಯಮದ ಮೇಲೆ ಬರೆದ ‘ಅನ್‌ಸೇಫ್ ಅಟ್ ಎನಿ ಸ್ಪೀಡ್’ ಪುಸ್ತಕದ ಮೊದಲ ಅಧ್ಯಾಯವನ್ನೇ ಅದಕ್ಕೆ ಮೀಸಲಿಟ್ಟರು. ಅಷ್ಟರಲ್ಲಿ ಕಂಪನಿ 1964ರ ಮಾದರಿಗೆ ಹಿಂದೆ ಒಂದು ಅಡ್ಡ ಕಮಾನುಪಟ್ಟಿ ಸೇರಿಸಿತ್ತು. 1965ರ ಮಾದರಿಯಲ್ಲಿ ತೂಗಚ್ಚನ್ನೇ ಕೈಬಿಟ್ಟಿತು. ನಮ್ಮಲ್ಲಿಯೂ 1972ರಲ್ಲಿ ಹೆರಾಲ್ಡಿನ ಜಾಗಕ್ಕೆ ಸ್ಟ್ಯಾಂಡರ್ಡ್ ಗೆಜೆಲ್ ಬಂದಾಗ ಅದರ ಹಿಂದೆ ಇದ್ದದ್ದು ಅಂಬಾಸಿಡರಿನಂಥ ಗಟ್ಟಿ ಅಚ್ಚು.

ಬಿಗಿ ಸ್ಪ್ರಿಂಗ್, ಹೊಸ ಟೈರು

ಈಗ ‘ಬಿಗಿ ಮಾಡಿ’ ಎಂಬ ಸಲಹೆಯನ್ನು ಪರೀಕ್ಷಿಸೋಣ. ಹಿಂದಿನ ಕಮಾನುಪಟ್ಟಿಯನ್ನು ಬಿಗಿ ಮಾಡಿದರೆ ಅದೇ ಎತ್ತುಬಲಕ್ಕೆ ಮೈ ಸ್ವಲ್ಪ ಕಡಿಮೆ ಏಳುತ್ತದೆ, ನಿಜ. ಆದರೆ ಎತ್ತುಬಲ ಅಷ್ಟೇ ಉಳಿಯುವುದಿಲ್ಲ. ತಿರುವಿನಲ್ಲಿ ಕಾರಿನ ಮೈ ಹೊರಕ್ಕೆ ವಾಲುತ್ತದೆ. ಮುಂದಿನ ಜೋಡಿ, ಹಿಂದಿನ ಜೋಡಿ ಎರಡೂ ಸೇರಿ ಅದನ್ನು ತಡೆಯುತ್ತವೆ. ಯಾವ ಜೋಡಿ ಹೆಚ್ಚು ತಡೆಯುತ್ತದೋ ಆ ಜೋಡಿಯ ಹೊರಚಕ್ರದ ಮೇಲೆ ಹೆಚ್ಚು ಭಾರ ಬೀಳುತ್ತದೆ, ಒಳಚಕ್ರ ಹಗುರಾಗುತ್ತದೆ. ಹಿಂದೆ ಬಿಗಿ ಮಾಡಿದರೆ ಹಿಂದಿನ ಹೊರಚಕ್ರದ ಪಾಲು 150ರಿಂದ ಇನ್ನೂ ಮೇಲಕ್ಕೆ ಹೋಗುತ್ತದೆ. ಎರಡು ಏಣಿಗಳ ನಡುವಿನ ವ್ಯತ್ಯಾಸ ಬೆಳೆಯುತ್ತದೆ. ಗುಂಡಿಬಿದ್ದ ರಸ್ತೆಯಲ್ಲಂತೂ ಬಿಗಿ ಸ್ಪ್ರಿಂಗಿನ ಹಗುರ ಕಾರು ಪುಟಿಯುತ್ತದೆ. ನೆಲ ಬಿಟ್ಟ ಟೈರಿಗೆ ಹಿಡಿತವೆಲ್ಲಿಯದು?

ಒಳ್ಳೆಯ ಟೈರು ಹಾಕಿದರೆ ಸಾಕೆಂಬ ನಂಬಿಕೆಯೂ ಇಲ್ಲಿ ಕೈಕೊಡುತ್ತದೆ. ಹಿಡಿತ ಕಡಿಮೆಯಿದ್ದ ಹಳೆಯ ಕಾಲದ ಕಿರಿದಾದ ಟೈರು ಎತ್ತುಬಲ ವಿಪರೀತವಾಗುವ ಮೊದಲೇ ಜಾರಿಬಿಡುತ್ತಿತ್ತು. ಅಗಲವಾದ ಇಂದಿನ ಟೈರು ನೆಲವನ್ನು ಗಟ್ಟಿಯಾಗಿ ಹಿಡಿಯುತ್ತದೆ, ಅಷ್ಟೇ ಗಟ್ಟಿಯಾಗಿ ಏಣಿಯ ಬುಡವನ್ನು ತಳ್ಳುತ್ತದೆ. ಉಳಿದದ್ದೇನನ್ನೂ ಮುಟ್ಟದೆ ಟೈರನ್ನಷ್ಟೇ ಬದಲಿಸಿದರೆ ಚಕ್ರ ಮಡಚಿಕೊಳ್ಳುವ ಸಾಧ್ಯತೆ ಹೆಚ್ಚುತ್ತದೆ.

ಶಾಕ್ ಅಬ್ಸಾರ್ಬರಿನ ಕೆಲಸ ಬೇರೆ. ಅದು ಚಲನೆಯನ್ನು ನಿಧಾನಗೊಳಿಸುತ್ತದೆ, ನಿಲ್ಲಿಸುವುದಿಲ್ಲ. ಮೇಲೇಳುವುದನ್ನು ಬಿಗಿಯಾಗಿ ತಡೆಯುವ ಹೊಸ ಶಾಕ್ ಅಬ್ಸಾರ್ಬರ್ ಹಾಕಿದರೆ, ಕಾಲು ತೆಗೆದಾಗ ಹಿಂಭಾಗ ಥಟ್ಟನೆ ಏಳದೆ ತುಸು ತಡವಾಗಿ ಏಳುತ್ತದೆ. ಸಣ್ಣ ತಿರುವು ಅಷ್ಟರಲ್ಲಿ ಮುಗಿದಿರುತ್ತದೆ. ಉದ್ದನೆಯ ತಿರುವಿನಲ್ಲಿ ಈ ಸಹಾಯ ಸಾಲದು.

ಏಣಿಯನ್ನು ಮಲಗಿಸುವ ದಾರಿ

ಏಣಿ ಎತ್ತದಂತೆ ಮಾಡಬೇಕಾದರೆ ಅದನ್ನು ಮಲಗಿಸಬೇಕು. ನೆಲಕ್ಕೆ ಹತ್ತಿರ ಮಲಗಿದ ಏಣಿಯ ಬುಡವನ್ನು ಅಷ್ಟೇ ಬಲದಿಂದ ತಳ್ಳಿದರೆ ತಲೆಗೆ ಸಿಗುವ ಎತ್ತುಬಲ ಕಡಿಮೆ.

ಮರ್ಸಿಡಿಸ್ ಈ ದಾರಿ ಹಿಡಿಯಿತು. ಕೀಲನ್ನು ಡಿಫರೆನ್ಷಿಯಲ್ಲಿನ ಪಕ್ಕದಿಂದ ಅದರ ಕೆಳಗೆ ಇಳಿಸಿ, ಎರಡೂ ಅರ್ಧ ಅಚ್ಚುಗಳಿಗೆ ಅಲ್ಲಿಂದಲೇ ತೋಳು ಕೊಟ್ಟಿತು. ಕೀಲು ಕೆಳಗಾಯಿತು, ತೋಳು ಉದ್ದವೂ ಆಯಿತು. ಹ್ವಾನ್ ಮಾನ್ವೆಲ್ ಫಾಂಜಿಯೋ 1954 ಮತ್ತು 1955ರಲ್ಲಿ ಓಡಿಸಿದ ಗ್ರಾನ್ ಪ್ರಿ ಕಾರು ಡಬ್ಲ್ಯು 196ಕ್ಕೆ ಇಂಥದ್ದೇ ಹಿಂಬದಿ. ರೆಕ್ಕೆಬಾಗಿಲಿನ ಪ್ರಸಿದ್ಧ 300 ಎಸ್‌ಎಲ್‌ಗೆ 1954ರಲ್ಲಿ ಎತ್ತರದ ಕೀಲಿತ್ತು. 1957ರ ತೆರೆದ ಮಾದರಿಗೆ ತಗ್ಗಿನ ಕೀಲು ಬಂತು.

ಸ್ಪಿಟ್‌ಫೈರಿನ ಮಾಲೀಕರಿಗೆ ಕೀಲನ್ನು ಕದಲಿಸುವುದು ಸಾಧ್ಯವಿಲ್ಲ. ಅವರು ಕಂಡುಕೊಂಡದ್ದು ಕಾರಿನ ಹಿಂಭಾಗವನ್ನೇ ತಗ್ಗಿಸುವ ಉಪಾಯ. ಡಿಫರೆನ್ಷಿಯಲ್ ಮತ್ತು ಕಮಾನುಪಟ್ಟಿಯ ನಡುವೆ ಇಂಚು ದಪ್ಪದ ಲೋಹದ ತುಂಡೊಂದನ್ನು ಇಟ್ಟರೆ ಪಟ್ಟಿ ಮೇಲೇರಿ ಕಾರು ಕೆಳಗಿಳಿಯುತ್ತದೆ. ಚಕ್ರಗಳು ಮೊದಲೇ ಒಳ ಓರೆಯಲ್ಲಿ ನಿಲ್ಲುತ್ತವೆ. ಮೈ ಎರಡು ಸೆಂಟಿಮೀಟರ್ ಎದ್ದರೂ ಹೊರ ಓರೆಗೆ ತಿರುಗುವ ಮುನ್ನ ಇನ್ನೂ ಸ್ವಲ್ಪ ಅವಕಾಶ ಉಳಿದಿರುತ್ತದೆ. ಇಬ್ಬರು ಕೂತು ಸಾಮಾನು ಹೇರಿದ ಸ್ಪಿಟ್‌ಫೈರ್ ಒಬ್ಬಂಟಿ ಚಾಲಕನ ಸ್ಪಿಟ್‌ಫೈರಿಗಿಂತ ತಿರುವಿನಲ್ಲಿ ಸಮಾಧಾನದಿಂದಿರುವುದಕ್ಕೂ ಇದೇ ಕಾರಣ. ಆದರೆ ಈ ಉಪಾಯಕ್ಕೆ ಬೆಲೆಯಿದೆ: ಟೈರಿನ ಒಳ ಅಂಚು ಬೇಗ ಸವೆಯುತ್ತದೆ, ರಸ್ತೆಯುಬ್ಬು ಹೊಟ್ಟೆಗೆ ತಾಗುತ್ತದೆ, ಸ್ಪ್ರಿಂಗಿಗೆ ಆಡಲು ಜಾಗ ಕಡಿಮೆಯಾಗುತ್ತದೆ.

ಬೀಟಲ್ ಕಾರಿಗೆ ಅಮೆರಿಕದ ಎಂಪಿ ಎಂಬ ಸಂಸ್ಥೆ ಮಾರಿದ ಬಿಡಿಭಾಗ ಇನ್ನೊಂದು ಬಗೆಯದು. ನಡುವೆ ಕೀಲಿಟ್ಟ ಒಂದು ಅಡ್ಡಪಟ್ಟಿ ಎರಡೂ ಅರ್ಧ ಅಚ್ಚುಗಳನ್ನು ಕೆಳಗಿನಿಂದ ಆತುಕೊಂಡಿರುತ್ತದೆ. ಒಂದು ಚಕ್ರ ಏರಿ ಇನ್ನೊಂದು ಇಳಿದರೆ ಪಟ್ಟಿ ಸುಮ್ಮನೆ ತಿರುಗಿಕೊಳ್ಳುತ್ತದೆ. ಎರಡೂ ಒಟ್ಟಿಗೆ ಕೆಳಗೆ ಮಡಚಲು ಹೊರಟರೆ ಮಾತ್ರ ಅಡ್ಡ ನಿಲ್ಲುತ್ತದೆ. ಪೋರ್ಶೆ 356ಕ್ಕೂ ಇಂಥ ಪಟ್ಟಿ ಸಿಗುತ್ತಿತ್ತು.

ಟ್ರಯಂಫ್ ಕೂಡ ಒಮ್ಮೆ ದುಬಾರಿ ದಾರಿ ಹಿಡಿದದ್ದುಂಟು. ಸ್ಪಿಟ್‌ಫೈರಿನ ಅಣ್ಣ ಎನ್ನಬಹುದಾದ ಆರು ಸಿಲಿಂಡರಿನ ಜಿಟಿ6 1966ರಲ್ಲಿ ಬಂದಾಗ ಅದರ ತಿರುವಿನ ನಡತೆಗೆ ಟೀಕೆ ಎದುರಾಯಿತು. 1968ರ ಹೊತ್ತಿಗೆ ಅದಕ್ಕೆ ಕೆಳಗೊಂದು ಕವಲುತೋಳು, ಅಚ್ಚಿಗೆ ರೊಟೊಫ್ಲೆಕ್ಸ್ ಎಂಬ ರಬ್ಬರ್ ಕೀಲು ಸೇರಿಸಿ ತೂಗಚ್ಚಿನ ಗುಣವನ್ನೇ ಬದಲಿಸಿದರು. ನಡತೆ ಚೆನ್ನಾಯಿತು, ಬಿಡಿಭಾಗಗಳೂ ಖರ್ಚೂ ಹೆಚ್ಚಿದವು. ಕೊನೆಯ ವರ್ಷಗಳ ಜಿಟಿ6ಕ್ಕೆ ಮತ್ತೆ ತೂಗಚ್ಚನ್ನೇ ಹಾಕಿದರು. ಏಕೆಂದರೆ ಅಷ್ಟರಲ್ಲಿ ಅಗ್ಗದ, ಜಾಣ ಪರಿಹಾರವೊಂದು ಕೈಗೆ ಬಂದಿತ್ತು.

ಸಡಿಲ ಬಿಟ್ಟ ಪಟ್ಟಿಗಳು

1970ರ ಸ್ಪಿಟ್‌ಫೈರ್ ಮಾರ್ಕ್ 4ರ ಹಿಂಭಾಗವನ್ನು ಹತ್ತಿರದಿಂದ ನೋಡೋಣ. ಕಮಾನುಪಟ್ಟಿ ಅದೇ ಜಾಗದಲ್ಲಿದೆ, ಅಡ್ಡಲಾಗಿಯೇ ಇದೆ. ವ್ಯತ್ಯಾಸವಿರುವುದು ಡಿಫರೆನ್ಷಿಯಲ್ಲಿನ ತಲೆಯ ಮೇಲೆ, ಕಮಾನಿನಲ್ಲಿ ಒಂದರ ಮೇಲೊಂದು ಪೇರಿಸಿದ ಪಟ್ಟಿಗಳನ್ನು ಹಿಡಿದಿರುವ ಪೆಟ್ಟಿಗೆಯಲ್ಲಿ. ಹಿಂದೆ ಅಷ್ಟೂ ಪಟ್ಟಿಗಳನ್ನು ಒಟ್ಟಿಗೆ ಬಿಗಿದಿದ್ದರು. ಈಗ ಎಲ್ಲಕ್ಕಿಂತ ಕೆಳಗಿನ ಒಂದು ಪಟ್ಟಿಯನ್ನು ಮಾತ್ರ ಡಿಫರೆನ್ಷಿಯಲ್ಲಿಗೆ ಬಿಗಿದು, ಉಳಿದವನ್ನು ನಡುವಿನ ಕೀಲಿನ ಸುತ್ತ ಓಲಾಡಲು ಬಿಟ್ಟಿದ್ದಾರೆ. ಇದಕ್ಕೆ ಸ್ವಿಂಗ್ ಸ್ಪ್ರಿಂಗ್ ಎಂದು ಹೆಸರು.

ರಸ್ತೆಯುಬ್ಬಿನ ಮೇಲೆ ಎರಡೂ ಹಿಂಚಕ್ರಗಳು ಒಟ್ಟಿಗೆ ಏರಿದಾಗ ಎಲ್ಲ ಪಟ್ಟಿಗಳೂ ಎರಡು ತುದಿಯಲ್ಲಿ ಬಾಗಿ ಭಾರ ಹೊರುತ್ತವೆ. ಸವಾರಿ ಮೊದಲಿನಂತೆಯೇ. ತಿರುವಿನಲ್ಲಿ ಮೈ ವಾಲಿ ಒಂದು ಚಕ್ರ ಏರಿ ಇನ್ನೊಂದು ಇಳಿದಾಗ, ಸಡಿಲ ಬಿಟ್ಟ ಪಟ್ಟಿಗಳು ಬಾಗದೆ ಕೀಲಿನ ಸುತ್ತ ತಿರುಗಿಕೊಳ್ಳುತ್ತವೆ. ವಾಲುವುದನ್ನು ತಡೆಯಲು ಉಳಿಯುವುದು ಕೆಳಗಿನ ಒಂಟಿ ಪಟ್ಟಿ ಮಾತ್ರ.

ಹಿಂಭಾಗ ಹೀಗೆ ಕೈಬಿಟ್ಟ ಕೆಲಸವನ್ನು ಯಾರಾದರೂ ಹೊರಬೇಕು. ಅದಕ್ಕಾಗಿ ಮುಂದೆ ಇದ್ದ ವಾಲುತಡೆ ಕಂಬಿಯನ್ನು ದಪ್ಪ ಮಾಡಿದರು. ಆಂಟಿ-ರೋಲ್ ಬಾರ್ ಎಂದು ಕರೆಯುವ ಇದು ಎಡ ಬಲ ಚಕ್ರಗಳ ತೋಳುಗಳನ್ನು ಕೂಡಿಸುವ ಉಕ್ಕಿನ ಕಂಬಿ. ಎರಡೂ ಚಕ್ರ ಒಟ್ಟಿಗೆ ಏರಿಳಿದರೆ ಸುಮ್ಮನಿರುತ್ತದೆ. ಒಂದು ಏರಿ ಇನ್ನೊಂದು ಇಳಿದರೆ ತಿರುಚಿಕೊಂಡು ಪ್ರತಿರೋಧ ಒಡ್ಡುತ್ತದೆ. ಇಂಥ ಕಂಬಿಯ ದಪ್ಪ ಕಾಲು ಭಾಗದಷ್ಟು ಹೆಚ್ಚಿದರೆ ಸಾಕು, ಅದರ ತಡೆ ಸುಮಾರು ಎರಡೂವರೆ ಪಟ್ಟಾಗುತ್ತದೆ.

ಈಗ ಹಳೆಯ ಲೆಕ್ಕಕ್ಕೆ ಮರಳಿ. ವಾಲುವುದನ್ನು ತಡೆಯುವ ಹೊಣೆ ಮುಂದಿನ ಜೋಡಿಗೆ ಹೋದದ್ದರಿಂದ ಹಿಂದಿನ ಹೊರಚಕ್ರದ ಮೇಲಿನ ಹೆಚ್ಚುವರಿ ಭಾರ ಇಳಿಯಿತು. 200 ಕಿಲೋ ಅಡ್ಡ ಬಲ 150 ಮತ್ತು 50 ಎಂದು ಹಂಚಿಕೆಯಾಗುವ ಬದಲು 120 ಮತ್ತು 80 ಆಯಿತು ಎನ್ನಿ. ವ್ಯತ್ಯಾಸ 100ರಿಂದ 40ಕ್ಕೆ ಇಳಿಯಿತು. ಎತ್ತುಬಲವೂ ಅರ್ಧಕ್ಕಿಂತ ಕೆಳಗೆ ಬಂತು. ಏಣಿಯ ಓರೆ ಬದಲಾಗಿಲ್ಲ, ಕೀಲು ಕದಲಿಲ್ಲ. ಎತ್ತುವ ಏಣಿ ಮತ್ತು ಇಳಿಸುವ ಏಣಿಗಳ ನಡುವಿನ ಅಂತರವನ್ನಷ್ಟೇ ಕಿರಿದು ಮಾಡಿದರು.

ಇನ್ನೊಂದು ಲಾಭವೂ ಸಿಕ್ಕಿತು. ಒಂದು ಟೈರಿನ ಮೇಲೆ ಭಾರವನ್ನು ಇಮ್ಮಡಿಸಿದರೆ ಅದರ ಹಿಡಿತ ಇಮ್ಮಡಿಸುವುದಿಲ್ಲ, ಅದಕ್ಕಿಂತ ಕಡಿಮೆಯೇ ಹೆಚ್ಚುತ್ತದೆ. ಆದ್ದರಿಂದ ಭಾರ ಎರಡೂ ಟೈರುಗಳಿಗೆ ಹೆಚ್ಚು ಸಮವಾಗಿ ಹಂಚಿದಷ್ಟೂ ಆ ಜೋಡಿಯ ಒಟ್ಟು ಹಿಡಿತ ಜಾಸ್ತಿ. ಹಿಂದೆ ಹಿಡಿತ ಏರಿತು, ಮುಂದೆ ತುಸು ಇಳಿಯಿತು. ಮಿತಿ ಮೀರಿದ ವೇಗದಲ್ಲಿ ತಿರುವಿಗೆ ಬಂದರೆ ಈಗ ಮೊದಲು ಜಾರುವುದು ಮುಂದಿನ ಚಕ್ರ. ಕಾರು ತಿರುವಿನಿಂದ ಸ್ವಲ್ಪ ಹೊರಕ್ಕೆ ಸರಿಯುತ್ತದೆ. ಚಾಲಕ ಹೆದರಿ ಕಾಲು ತೆಗೆಯುತ್ತಾನೆ, ಭಾರ ಮುಂದಕ್ಕೆ ಬೀಳುತ್ತದೆ, ಮುಂದಿನ ಟೈರು ಮತ್ತೆ ಕಚ್ಚುತ್ತದೆ, ಕಾರು ದಾರಿಗೆ ಮರಳುತ್ತದೆ. ಮನುಷ್ಯನ ಸಹಜ ಹೆದರಿಕೆಯನ್ನು ಕಾರು ಈಗ ಅವನ ಒಳಿತಿಗೆ ಬಳಸಿಕೊಂಡಿತು. ಕೆಲವೇ ವರ್ಷಗಳಲ್ಲಿ ಹಿಂದಿನ ಅರ್ಧ ಅಚ್ಚುಗಳನ್ನೂ ಉದ್ದ ಮಾಡಿದರು. ತೋಳು ಉದ್ದವಾದಷ್ಟೂ ಚಕ್ರದ ಓರೆ ಕಡಿಮೆ.

ಮೊದಲು ಯಾವುದಕ್ಕೆ ಕೈ ಹಾಕಬೇಕು

ಹಳೆಯ ಸ್ಪಿಟ್‌ಫೈರೋ ಹೆರಾಲ್ಡೋ ಇಟ್ಟುಕೊಂಡವರಿಗೆ ಈ ವಿಜ್ಞಾನದಿಂದ ಒಂದು ಕ್ರಮ ಸಿಗುತ್ತದೆ.

ಮೊದಲು ಸವೆದದ್ದನ್ನು ಬದಲಿಸಿ. ಅರ್ಧ ಶತಮಾನ ದಾಟಿದ ಕಾರಿನ ರಬ್ಬರ್ ಬುಷ್‌ಗಳು ಒಡೆದಿರುತ್ತವೆ. ಬುಷ್ ಸಡಿಲವಾದರೆ ಚಕ್ರ ತಾನಿಷ್ಟ ಬಂದತ್ತ ತಿರುಗುತ್ತದೆ. ಅದರ ಮೇಲೆ ಎಷ್ಟು ದುಬಾರಿ ಸ್ಪ್ರಿಂಗ್ ಕೂರಿಸಿದರೂ ವ್ಯರ್ಥ. ಮುಂದಿನ ಚಕ್ರಗಳ ಕೆಳಗಿರುವ ಟ್ರನಿಯನ್ ಎಂಬ ಹಿತ್ತಾಳೆಯ ಕೀಲಿಗೆ ಗ್ರೀಸ್ ಸಾಲದು, ಗೇರ್ ಆಯಿಲ್ ಬೇಕು. ಅದು ಒಣಗಿದರೆ ಅದರೊಳಗೆ ತಿರುಗುವ ತಿರುಪುಮರೆಯ ಕಂಬ ಸವೆದು ಮುರಿಯುತ್ತದೆ, ಚಕ್ರ ಕಳಚುತ್ತದೆ. ಪ್ರಾಣಕ್ಕೆ ಸಂಬಂಧಿಸಿದ ವಿಷಯವಾದ್ದರಿಂದ ಇದಕ್ಕೆ ಮೊದಲ ಸ್ಥಾನ.

ಎರಡನೆಯದು ಟೈರಿನ ಗಾಳಿ. ಕಂಪನಿ ಹೇಳಿದಂತೆ ಮುಂದೆ ಕಡಿಮೆ, ಹಿಂದೆ ಹೆಚ್ಚು ಇಡಿ. ಎಲ್ಲಕ್ಕೂ ಒಂದೇ ಸಮ ಗಾಳಿ ತುಂಬುವ ಪೆಟ್ರೋಲ್ ಬಂಕಿನ ರೂಢಿ ಈ ಕಾರಿಗೆ ಒಗ್ಗದು. ಮೂರನೆಯದು ಚಕ್ರಗಳ ನೇರ. ಹಿಂದಿನ ಚಕ್ರಗಳು ಮುಂದಿನವುಗಳ ದಿಕ್ಕಿಗೆ ಸರಿಹೊಂದುವಂತೆ ಚಕ್ರದಿಂದ ಚಾಸಿಗೆ ಹೋಗುವ ಉದ್ದತೋಳಿನ ಬುಡದಲ್ಲಿ ತೆಳು ಬಿಲ್ಲೆ ಇಟ್ಟು ಸರಿಪಡಿಸಬಹುದು. ಇವಿಷ್ಟರಿಂದಲೇ ಎಷ್ಟೋ ಕಾರುಗಳ ನಡತೆ ಗುರುತು ಸಿಗದಷ್ಟು ಬದಲಾಗುತ್ತದೆ.

ನಾಲ್ಕನೆಯದು ಸ್ವಿಂಗ್ ಸ್ಪ್ರಿಂಗ್ ಮತ್ತು ಮುಂದಿನ ದಪ್ಪ ಕಂಬಿ. 1970ಕ್ಕೆ ಮುಂಚಿನ ಸ್ಪಿಟ್‌ಫೈರಿಗೂ ಇವನ್ನು ಕೂರಿಸಬಹುದು. ಈ ಕಾರಿಗೆ ಮಾಡಬಹುದಾದ ಸುಧಾರಣೆಗಳಲ್ಲಿ ಹಣಕ್ಕೆ ತಕ್ಕ ಫಲ ಕೊಡುವುದು ಇದೇ ಎಂಬುದು ನನ್ನ ತೀರ್ಮಾನ. ಆಮೇಲೆ ಒಳ್ಳೆಯ ಶಾಕ್ ಅಬ್ಸಾರ್ಬರ್. ಬಿಗಿ ಸ್ಪ್ರಿಂಗ್, ಮೈ ತಗ್ಗಿಸುವುದು, ಅಗಲ ಟೈರು ಇವೆಲ್ಲ ಕಟ್ಟಕಡೆಗೆ, ಅದೂ ನಿಮ್ಮ ಊರಿನ ರಸ್ತೆ ಒಪ್ಪಿದರೆ.

ಹೊಸದಾಗಿ ಏನನ್ನು ಸೇರಿಸುವ ಮುನ್ನವೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದರಿಂದ ಟೈರಿನ ಅಂಗಾಲು ನೆಲಕ್ಕೆ ಇನ್ನಷ್ಟು ಸಮವಾಗಿ ಕೂರುತ್ತದೆಯೇ? ಹೌದು ಎಂದಾದರೆ ಮಾತ್ರ ಹಣ ಬಿಚ್ಚಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಜನಸಂಚಾರವಿಲ್ಲದ ಬಯಲಿನಲ್ಲಿ ಕಡಿಮೆ ವೇಗದಲ್ಲಿ ಪರೀಕ್ಷಿಸಿ, ಆಮೇಲೆ ಮುಂದಿನದಕ್ಕೆ ಹೋಗಿ. ಸ್ವಿಂಗ್ ಸ್ಪ್ರಿಂಗ್ ಮತ್ತು ದಪ್ಪ ಕಂಬಿಗಳು ಮಾತ್ರ ಈ ನಿಯಮಕ್ಕೆ ಹೊರತು. ಅವೆರಡನ್ನು ಎಂದಿಗೂ ಬಿಡಿಬಿಡಿಯಾಗಿ ಹಾಕಬೇಡಿ. ಒಂದೇ ದಿನ, ಒಟ್ಟಿಗೇ ಹಾಕಿ.